ಕುದುರೆಯ ಗೊರಸಿಗೆ ಜಾಗ ಉಂಟಂತೆ

ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಜಾಗ ಬೇಕು. ಮುಂಬಯಿಯಲ್ಲಿ ಅದೂ ಸಿಗುವುದಿಲ್ಲ. ಬೆಳಗಿನ ಲೋಕಲ್‌ನಲ್ಲಿ ಕಾಲು ತುಳಿದವನಿಗೆ ಬೈಯಬೇಕೆಂದರೆ ಮೊದಲು ಅವನತ್ತ ಮುಖ ತಿರುಗಿಸಬೇಕು. ಹೇಗೋ ಒದ್ದಾಡಿ ತಿರುಗಿಸುವಷ್ಟರಲ್ಲಿ ಅಲ್ಲಿ ಬೇರೆ ಯಾರದೋ ಮುಖ ಇರುತ್ತದೆ, ಅವನೋ ನಾನೇ ಕಾಲು ತುಳಿದೆನೆಂದು ನನ್ನನ್ನು ದುರುಗುಟ್ಟಿ ನೋಡುತ್ತಿರುತ್ತಾನೆ. ನನ್ನ ಪ್ರಯಾಣ ಬೇರೆ ದಹಿಸರದಿಂದ ಬೊರಿವಲಿಗೆ, ಒಂದೇ ಸ್ಟೇಷನ್. ಅಷ್ಟರೊಳಗೆ ಸಿಟ್ಟು ಬಂದು, ಏರಿ, ಇಳಿಯಬೇಕು. ಬೊರಿವಲಿಯಲ್ಲಿ ನಾನು ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮ್ಯಾನೇಜರು. ಸಾಂಬಾರಿನಲ್ಲಿ ತೆಂಗಿನಕಾಯಿ ಇದೆಯೇ ಎಂದು ಎರಡು ಬಟ್ಟಲು ಸಾಂಬಾರು ಕುಡಿದ ಮೇಲೆ ಕೇಳುವ ಗಿರಾಕಿಗೂ ನಾನು ನಗುತ್ತಲೇ ಉತ್ತರ ಕೊಡಬೇಕು. ಹೀಗೆ ದಿನವಿಡೀ ಒತ್ತಿ ಇಟ್ಟ ಸಿಟ್ಟನ್ನು ಸಂಜೆ ಹೊತ್ತುಕೊಂಡು ಮನೆಗೆ ಬಂದರೆ, ಮನೆಯೋ ಒಂದೇ ಬೆಡ್‌ರೂಮಿನದು. ಅಲ್ಲಿ ನನ್ನ ಹೆಂಡತಿ ಸುಮತಿ ಟಿವಿಯ ಮುಂದೆ ಕೂತು ತೋಳಗಳನ್ನು ಕೊಲ್ಲುತ್ತಿರುತ್ತಾಳೆ.

ತೋಳಗಳ ವಿಷಯ ಹೇಳಬೇಕು. ಸುಮತಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಇರುವೆಯನ್ನೂ ಕಾಗದದ ತುಂಡಿನ ಮೇಲೆ ಹತ್ತಿಸಿಕೊಂಡು ಹೋಗಿ ಕಿಟಕಿಯಾಚೆ ಬಿಡುವ ಜಾತಿಯವಳು. ನಮ್ಮ ಮಗಳು ದೀಪ್ತಿ ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರಿದವಳು, ಅಮ್ಮನ ಹುಟ್ಟುಹಬ್ಬಕ್ಕೆ ಸೀರೆ ತರುವುದು ಬಿಟ್ಟು ವಿಡಿಯೋ ಗೇಮಿನ ಯಂತ್ರ ತಂದಳು. ಜೊತೆಗೆ ಹೊಳೆಯುವ ಡಬ್ಬಿಯಲ್ಲಿ ಒಂದು ಗೇಮಿನ ಡಿಸ್ಕ್. ಅದರಲ್ಲಿ ಒಬ್ಬಳು ವೀರ ಮಹಿಳೆ ಕುದುರೆಯೇರಿ ಹಿಮದ ನಾಡಿನಲ್ಲಿ ಕತ್ತಿ ಬೀಸುತ್ತ ತಿರುಗುತ್ತಾಳೆ. ಸುಮತಿ ಮೊದಲ ದಿನ "ಇಶ್ಶೀ, ಎಂಥ ಗಲಾಟೆ ಇದು" ಎಂದಳು. ವಾರ ಕಳೆಯುವಷ್ಟರಲ್ಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಸೀಟಿಗಾಗಿ ಜಗಳವಾಡಿದವರನ್ನೆಲ್ಲ ನೆನೆಸಿಕೊಂಡು ಕತ್ತಿ ಬೀಸುವುದರಲ್ಲಿ ಒಂದು ನೆಮ್ಮದಿ ಉಂಟು ಎನ್ನತೊಡಗಿದಳು.

ನನ್ನ ಸಿಟ್ಟು ಕತ್ತಿಯ ಮೇಲಲ್ಲ, ಡಿಸ್ಕಿನ ಮೇಲೆ. ಡಿಸ್ಕನ್ನು ಯಂತ್ರದೊಳಗೆ ತುರುಕಿದೆವು. ಟಿವಿಯ ಮೇಲೆ ಒಂದು ಬರಹ ಬಂತು: ಉಳಿದ ಭಾಗವನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಉಳಿದ ಭಾಗ! ನಾನು ಗಿರಾಕಿಯ ಮುಂದೆ ಮಸಾಲೆದೋಸೆ ಇಟ್ಟು, ಪಲ್ಯ ಮಾತ್ರ ನಿಮ್ಮ ಮನೆಗೆ ನಲ್ಲಿಯಲ್ಲಿ ಬರುತ್ತದೆ, ಪಾತ್ರೆ ಹಿಡಿದು ಕಾಯುತ್ತಿರಿ ಎಂದರೆ ಅವನು ಸುಮ್ಮನಿರುತ್ತಾನೆಯೇ? ನಾನು ಸಣ್ಣವನಿದ್ದಾಗ ಕುರ್ಲಾದ ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ವಠಾರದಲ್ಲಿ, ಪಕ್ಕದ ಖೋಲಿಯವರ ಮನೆಯಲ್ಲಿ ಒಂದು ಗೇಮ್ ಇತ್ತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ. ಉಫ್ ಎಂದು ಊದಿ ಸಿಕ್ಕಿಸಿದರೆ ಇಡೀ ಆಟ ಅದರೊಳಗಿಂದ ಬರುತ್ತಿತ್ತು. ಕಾಡು, ನದಿ, ರಾಕ್ಷಸ, ಸಂಗೀತ, ಎಲ್ಲ. ಸಂಗೀತ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು ನಿಜ, ಆದರೆ ಪೂರ್ತಿ ಇತ್ತು. ಉಳಿದ ಸೊಳ್ಳೆ ಆಮೇಲೆ ಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ.

"ಪಪ್ಪಾ, ಡಿಸ್ಕ್‌ನಲ್ಲಿ ಜಾಗಾ ಹೀ ನಹೀ ಹೈ. ಗೇಮ್ ತುಂಬಾ ದೊಡ್ಡ ಉಂಟು," ಎಂದಳು ದೀಪ್ತಿ. ಅವಳ ಕನ್ನಡ ಹೀಗೆಯೇ, ಅರ್ಧ ದಾರಿಗೆ ಬಂದು ಹಿಂದಿಗೆ ಇಳಿದುಬಿಡುತ್ತದೆ.

"ಅಂಥಾದ್ದು ಏನು ಉಂಟು ಅದರಲ್ಲಿ? ಒಂದು ಹೆಂಗಸು, ಒಂದು ಕುದುರೆ."

"ಆಡಿಯೋ, ಪಪ್ಪಾ. ಎಲ್ಲಾ ಭಾಷೆಯ ಮಾತು ಅದರಲ್ಲೇ ಉಂಟು. ಜರ್ಮನ್, ಪೋಲಿಷ್, ಪೋರ್ಚುಗೀಸ್, ಜಪಾನೀಸ್... ಅದೂ ಜಾಸ್ತಿ ಕಂಪ್ರೆಸ್ ಮಾಡದೆ. ಹಿಂಡಿದರೆ ಕ್ವಾಲಿಟಿ ಹೋಗ್ತದೆ, ಆಡುವವರು ಬೈತಾರೆ."

ನನಗೆ ಮೈಯೆಲ್ಲ ಉರಿಯಿತು. ಇಬ್ಬರು ನೆಂಟರು ಬಂದರೆ ಒಬ್ಬರನ್ನು ಅಡುಗೆಮನೆಯಲ್ಲಿ ಮಲಗಿಸಬೇಕಾದ ನಮ್ಮ ಮನೆಗೆ, ನಾವು ಜನ್ಮದಲ್ಲಿ ಕೇಳದ ಭಾಷೆಗಳವರೆಲ್ಲ ಹಾಸಿಗೆ ಸಮೇತ ಬಂದು ಮಲಗಿದ್ದಾರೆ. ಕನ್ನಡ ಉಂಟೋ ಎಂದರೆ ಇಲ್ಲ. ತುಳು, ಕೊಂಕಣಿ, ಕೇಳುವುದೇ ಬೇಡ. ಒಬ್ಬ ಪೋಲಿಷ್ ಸೈನಿಕ ಸಾಯುವಾಗ ಏನು ಕೂಗುತ್ತಾನೆಂದು ದಹಿಸರದಲ್ಲಿ ಯಾರಿಗಾಗಿ ಕಾದಿಡಬೇಕು? ಇಷ್ಟಾಗಿಯೂ ಪ್ರತಿ ತಿಂಗಳು ಅಪ್‌ಡೇಟ್ ಎಂದು ಅದು ಇನ್ನಷ್ಟು ಊದಿಕೊಳ್ಳುತ್ತಿತ್ತು. ಒಂದು ದಿನ ಯಂತ್ರ ಕೈಚೆಲ್ಲಿತು: ಜಾಗ ಇಲ್ಲ.

ಆ ದಿನ ನಾನು ಹೋಟೆಲಿನಲ್ಲಿದ್ದೆ. ಸಂಜೆ ಬಂದಾಗ ಸುಮತಿ ಎಂದಿನಂತೆ ಆಡುತ್ತಿದ್ದಳು. ಯಂತ್ರದ ಪಕ್ಕದಲ್ಲಿ ನನ್ನ ಹಾರ್ಡ್ ಡಿಸ್ಕ್ ಇತ್ತು. ನನ್ನದು! ಅದರಲ್ಲಿ ನನ್ನ ದೊಡ್ಡಮ್ಮನ ಹಾಡುಗಳಿದ್ದವು. ಅಮ್ಮನ ಅಕ್ಕ ಅವರು, ಕುರ್ಲಾದ ಅದೇ ಚಾಳಿನಲ್ಲಿ ಈಗಲೂ ಇದ್ದಾರೆ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡುವ ಉದ್ದುದ್ದದ ತುಳು ಹಾಡುಗಳು ಅವರಿಗೆ ಬಾಯಿಗೆ ಬರುತ್ತವೆ. ಗದ್ದೆ ಬಿಟ್ಟು ಬಂದು ಒಂದು ಆಯುಷ್ಯವಾದರೂ ಒಂದು ಸಾಲು ತಪ್ಪುವುದಿಲ್ಲ. ಹೋಟೆಲಿಗೆ ರಜೆ ಇದ್ದ ದಿನಗಳಲ್ಲಿ ನಾನು ಹೋಗಿ, ಒಳ್ಳೆಯ ಮೈಕು ಇಟ್ಟು, ಏನನ್ನೂ ಹಿಂಡದೆ, ಇದ್ದದ್ದನ್ನು ಇದ್ದ ಹಾಗೆ ಮುದ್ರಿಸಿಕೊಂಡಿದ್ದೆ. ಹಾಡಿನ ಹಿಂದೆ ಲೋಕಲ್ ಹೋಗುವುದು, ಪಕ್ಕದವರ ಕುಕ್ಕರ್ ಕೂಗುವುದು, ದೊಡ್ಡಮ್ಮ ಉಸಿರು ಎಳೆದುಕೊಳ್ಳುವುದು ಎಲ್ಲ ಇತ್ತು. ಅವರ ಮಗ್ಗುಲಲ್ಲಿ ಕೂತ ಹಾಗೆಯೇ ಕೇಳುತ್ತಿತ್ತು.

"ನನ್ನ ಹಾರ್ಡ್ ಡಿಸ್ಕ್ ಇಲ್ಲಿ ಯಾಕೆ?"

ದೀಪ್ತಿ ಅಡುಗೆಮನೆಯಿಂದ ಇಣುಕಿದಳು. "ಪಪ್ಪಾ, ಗುಸ್ಸಾ ಮಾಡಬೇಡಿ. ಏನೂ ಡಿಲೀಟ್ ಮಾಡಿಲ್ಲ. ಈ ಮಶೀನಿಗೆ ಹಚ್ಚಿದರೆ ಅದು ಡಿಸ್ಕನ್ನು ಫುಲ್ ಒರೆಸಿಬಿಡ್ತದೆ. ಅದಕ್ಕೆ ಮೊದಲೇ ನಿಮ್ಮ ಫೈಲ್ಸ್ ಎಲ್ಲಾ ಕಂಪ್ರೆಸ್ ಮಾಡಿ ಪೆನ್ ಡ್ರೈವಿಗೆ ಹಾಕಿದೆ. ದೇಖೋ, ಎಲ್ಲಾ ಬಂತು, ಇಷ್ಟು ಚಿಕ್ಕದರಲ್ಲಿ!" ಎಂದು ಬೆರಳುಗುರಿನಷ್ಟೇ ಇದ್ದ ಒಂದು ತುಂಡನ್ನು ಹೆಮ್ಮೆಯಿಂದ ತೋರಿಸಿದಳು.

ಹಾಕಿ ಕೇಳಿದೆ. ದೊಡ್ಡಮ್ಮ ಬಾವಿಯೊಳಗಿಂದ, ಬಾಯಿಗೆ ಟವೆಲು ಕಟ್ಟಿಕೊಂಡು ಹಾಡುತ್ತಿದ್ದರು. ಲೋಕಲ್ ಹೋದದ್ದು ಯಾರೋ ಬೆಲ್ಲದ ನೀರು ಕಲಕಿದ ಹಾಗಿತ್ತು. ಉಸಿರು ಇರಲೇ ಇಲ್ಲ. ಪೋಲಿಷ್ ಸೈನಿಕನಿಗೆ ಕಾಲು ಚಾಚಿ ಮಲಗಲು ಜಾಗ ಮಾಡಿಕೊಡುವುದಕ್ಕೆ ನನ್ನ ದೊಡ್ಡಮ್ಮನ ಉಸಿರನ್ನು ತೆಗೆದುಹಾಕಿದ್ದರು.

ಆ ಸಂಜೆ ನಾನು ಏನೇನು ಕೂಗಿದೆನೋ ನನಗೆ ನೆನಪಿಲ್ಲ. ಕೆಳಗಿನ ಮಹಡಿಯವರು ಬಾಗಿಲು ತೆರೆದು ನೋಡಿದರಂತೆ, ವಾಚ್‌ಮನ್ ಅರ್ಧ ಮೆಟ್ಟಿಲು ಹತ್ತಿ, ದನಿ ನನ್ನದೆಂದು ತಿಳಿದು ಇಳಿದನಂತೆ. ಸುಮತಿ ಗೇಮನ್ನು ನಿಲ್ಲಿಸಿ, "ಅವು ನಿಮಗೆ ಇಷ್ಟು ಮುಖ್ಯವೆಂದು ಅವಳಿಗೆ ತಿಳಿಯಲಿಲ್ಲ. ನಾನೂ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು," ಎಂದಳು. ತಪ್ಪನ್ನು ಇಷ್ಟು ಬೇಗ ಒಪ್ಪಿಕೊಂಡವರ ಮೇಲೆ ಉಳಿದ ಸಿಟ್ಟನ್ನು ಏನು ಮಾಡಬೇಕೋ ತಿಳಿಯದೆ ನಾನು ಊಟ ಬಿಟ್ಟು ಮಲಗಿದೆ. ದೀಪ್ತಿ ಮಾತ್ರ ಬಾಗಿಲಿಗೆ ಒರಗಿ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದಳು. ಪಶ್ಚಾತ್ತಾಪವಿರಬಹುದು ಎಂದುಕೊಂಡೆ.

ಮರುದಿನ ಮೂವರೂ ಕುರ್ಲಾಕ್ಕೆ ಹೋದೆವು. ದೀಪ್ತಿ ದೊಡ್ಡಮ್ಮನ ಕಾಲ ಬಳಿ ಕೂತು, ಇದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ, "ಅಜ್ಜೀ, ನಾನು ನಿಮ್ಮ ಹಾಡು ಎಲ್ಲಾ ಹಾಳು ಮಾಡಿದೆ. ನಿಮ್ಮ ದನಿ ಸಣ್ಣ ಮಾಡಿದೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ದೊಡ್ಡಮ್ಮ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. "ಅದಕ್ಕೆ ಯಾಕೆ ಅಳುವುದು ಮಾರಾಯ್ತಿ? ಮದುವೆಯಾಗಿ ಬಂದಾಗಿನಿಂದ ನಾನು ಈ ಚಾಳಿನಲ್ಲಿ ದನಿ ಸಣ್ಣ ಮಾಡಿಯೇ ಬದುಕಿದ್ದು. ಗೋಡೆಯಾಚೆ ಎಲ್ಲರಿಗೂ ಕೇಳ್ತದಲ್ಲ! ಗದ್ದೆಯಲ್ಲಿ ಹಾಡಿದ ಹಾಗೆ ಇಲ್ಲಿ ಒಂದು ದಿನವಾದರೂ ಹಾಡಿದ್ದುಂಟಾ? ಇವ ಆ ಮೈಕು ಹಿಡಿದದ್ದೂ ಸಣ್ಣ ದನಿಗೇ."

ನಾನು ಇದ್ದದ್ದನ್ನು ಇದ್ದ ಹಾಗೆ ಎಂದು ಜತನ ಮಾಡಿದ್ದು, ಮೊದಲೇ ಹಿಂಡಿದ್ದಾಗಿತ್ತು. "ಹಾಗಾದರೆ ದೊಡ್ಡ ದನಿ ಹೇಗಿತ್ತು ದೊಡ್ಡಮ್ಮ?" ಎಂದೆ. ಅವರು ಕಿಟಕಿ ಮುಚ್ಚಲು ಹೊರಟ ಸುಮತಿಯನ್ನು ಬೇಡವೆಂದು ಕೈಸನ್ನೆಯಲ್ಲಿ ತಡೆದು, ಎಲೆಯಡಿಕೆ ಉಗಿದು ಬಂದು, ಗಂಟಲು ಸರಿಮಾಡಿಕೊಂಡು ಹಾಡಿದರು. ಆ ಪುಟ್ಟ ಖೋಲಿಯ ಸ್ಟೀಲಿನ ಲೋಟಗಳು ಝಣ್ಣೆಂದವು. ಬಾಗಿಲಾಚೆಯ ಗ್ಯಾಲರಿಯಲ್ಲಿ ಹೋಗುತ್ತಿದ್ದವರು ನಿಂತರು. ದೀಪ್ತಿ ಜೊತೆಗೆ ತಂದಿದ್ದ ತನ್ನ ಸ್ಟುಡಿಯೋದ ಮೈಕಿನಲ್ಲಿ ಅದೆಲ್ಲವನ್ನೂ ಮುದ್ರಿಸಿದಳು, ಹಾಡು ಮುಗಿಯುವ ತನಕ ಕಣ್ಣು ಒರೆಸಿಕೊಳ್ಳಲೂ ಕೈ ಅಲ್ಲಾಡಿಸಲಿಲ್ಲ. ಆ ಹಾಡಿನ ಪ್ರತಿ ಈಗ ಮೂರು ಕಡೆ ಇದೆ. ಅದನ್ನು ಹಿಂಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

ದೀಪ್ತಿಯ ಆ ವಿಚಿತ್ರ ನೋಟದ ಅರ್ಥ ಗೊತ್ತಾದದ್ದು ಮುಂದಿನ ವಾರ. ಸುಮತಿ ಆಡುವ ಅದೇ ಗೇಮಿಗೆ ಹಿಂದಿ ಮಾತುಗಳನ್ನು ಸೇರಿಸುವ ಕೆಲಸ ಅವಳ ಸ್ಟುಡಿಯೋಗೆ ಬಂದಿತ್ತು. ಹಿಮದ ನಾಡಿನಲ್ಲಿ ಒಂದು ಛತ್ರ, ಅದಕ್ಕೊಬ್ಬ ಮುಂಗೋಪಿ ಯಜಮಾನ. ಯಾರಾದರೂ ಕುದುರೆ ಸಮೇತ ಒಳಗೆ ನುಗ್ಗಿದರೆ ಅವನು ಕೂಗಾಡಬೇಕು. ಬಂದ ನಟರೆಲ್ಲ ಬಹಳ ಸಭ್ಯವಾಗಿ ಸಿಟ್ಟು ಮಾಡಿಕೊಳ್ಳುತ್ತಿದ್ದಾರಂತೆ. "ಪಪ್ಪಾ, ಆ ದಿನ ನೀವು ಕೂಗಿದ್ದು... ಏಕ್‌ದಮ್ ಒರಿಜಿನಲ್ ಇತ್ತು," ಎಂದಳು ಮಗಳು.

ನಾನು ಖಂಡಿತ ಬರುವುದಿಲ್ಲ ಎಂದೆ. ಈ ಗೇಮ್ ನನ್ನ ಮನೆಗೆ ಮಾಡಿದ ಅನ್ಯಾಯಕ್ಕೆ ನಾನೇ ಇನ್ನಷ್ಟು ತೂಕ ಸೇರಿಸಬೇಕೇ ಎಂದೆ. ಹೀಗೆಲ್ಲ ಅನ್ನುತ್ತಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಕತ್ತಲೆ ಕೋಣೆ, ಬಾಯಿಯ ಮುಂದೆ ಮೈಕು, ಗಾಜಿನಾಚೆ ಮಗಳು ಮತ್ತು ಒಬ್ಬ ಧ್ವನಿ ಇಂಜಿನಿಯರು. "ಅಂಕಲ್, ನಿಮಗೆ ತುಂಬಾ ಸಿಟ್ಟು ಬಂದ ವಿಷಯ ನೆನೆಸಿಕೊಳ್ಳಿ," ಎಂದು ಅವನು ಹಿಂದಿಯಲ್ಲಿ ಹೇಳಿದ. ನನಗೆ ಆರಿಸಿಕೊಳ್ಳುವುದೇ ಕಷ್ಟವಾಯಿತು. ಎಲ್ಲ ಒಟ್ಟಿಗೆ ನುಗ್ಗಿ ಬಂದವು. "ಘೋಡಾ ಅಂದರ್ ಕೌನ್ ಲಾಯಾ ರೇ! ಬಾಹರ್ ಬಾಂಧ್!", ಕುದುರೆ ಒಳಗೆ ತಂದವ ಯಾರೋ, ಹೊರಗೆ ಕಟ್ಟು, ಎಂದು ನನ್ನ ಉಡುಪಿ ಹಿಂದಿಯಲ್ಲಿ ಅಬ್ಬರಿಸಿದೆ. ಗಾಜಿನಾಚೆ ಇಂಜಿನಿಯರು ಕಿವಿಯ ಹೆಡ್‌ಫೋನ್ ಕಿತ್ತು, ಸ್ವಲ್ಪ ಹಿಂದೆ ನಿಲ್ಲಿ ಎಂದು ಎರಡೂ ಕೈ ಬೀಸಿದ. ಆಮೇಲೆ ಛತ್ರದ ಯಜಮಾನ ಸಾಯುವುದನ್ನೂ ಮುದ್ರಿಸಿಕೊಂಡರು, ಯಾರಾದರೂ ಆಟಗಾರ ಕೊಂದರೆ ಬೇಕಲ್ಲ. ನಾನು ಮನಸ್ಸಿಟ್ಟು ಸತ್ತೆ. ಮೊದಲು ಆಶ್ಚರ್ಯ, ಆಮೇಲೆ ನೋವು, ಆಮೇಲೆ ಈ ಲೋಕದ ಮೇಲೊಂದು ಬೇಸರ, ಕೊನೆಗೆ ಉದ್ದವಾದ ಒಂದು ನಿಟ್ಟುಸಿರು. ಸ್ಟುಡಿಯೋದವರು ಚಪ್ಪಾಳೆ ಹೊಡೆದರು.

ಅಪ್‌ಡೇಟ್ ಬಂದ ದಿನ ಹೋಟೆಲಿಗೆ ರಜೆ ಹಾಕಿದೆ. ಸುಮತಿ ಕುದುರೆಯನ್ನು ಹಿಮದಲ್ಲಿ ಓಡಿಸಿ ಛತ್ರದ ಬಾಗಿಲಿಗೆ ತಂದಳು, ಒಳಗೆ ನುಗ್ಗಿಸಿದಳು. ದಾಡಿಯವನೊಬ್ಬ ಎದ್ದು ನಿಂತು ಕೂಗಿದ. ದನಿ ನನ್ನದೇ, ಆದರೆ ಬಕೆಟ್ಟಿನೊಳಗೆ ತಲೆ ಇಟ್ಟು ಕೂಗಿದ ಹಾಗಿತ್ತು. "ಅಯ್ಯೋ, ನೀವೇ! ಮುಖ ಸೊಟ್ಟ ಮಾಡುವುದೂ ಹಾಗೇ!" ಎಂದು ಸುಮತಿ ಬಿದ್ದುಬಿದ್ದು ನಕ್ಕಳು. ನಗುತ್ತಲೇ ಕತ್ತಿ ಬೀಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ನೋಡಿರಲಿಲ್ಲ. ಅದಾದರೂ ಇರಲಿ. ನಾನು ಕಿವಿಗೊಟ್ಟು ಕೂತಿದ್ದೆ. ಯಜಮಾನ "ಹುಂ" ಎಂದು ಬಿದ್ದ.

"ಹುಂ? ಅಷ್ಟೆಯೋ? ನನ್ನ ನಿಟ್ಟುಸಿರು ಎಲ್ಲಿ? ಬೇಸರ ಎಲ್ಲಿ?"

ದೀಪ್ತಿ ತಲೆ ಕೆರೆದುಕೊಂಡಳು. "ಸೈಜ್ ಕಮ್ಮಿ ಮಾಡಿ ಎಂದು ಕಂಪೆನಿಯವರು ಹೇಳಿದರು ಪಪ್ಪಾ. ಜನ ಬೈತಾ ಇದ್ದರಲ್ಲ, ಗೇಮ್ ತುಂಬಾ ದೊಡ್ಡದು ಎಂದು. ಅದಕ್ಕೆ ಛೋಟಾ ಛೋಟಾ ಪಾತ್ರದ ಆಡಿಯೋ ಎಲ್ಲಾ ಕಟ್ ಮಾಡಿ ಕಂಪ್ರೆಸ್ ಮಾಡಿದರು."

"ಮತ್ತೆ ಆ ಕುದುರೆಯದ್ದು?"

"ಗೊರಸಿನ ಸದ್ದು ಫುಲ್ ಕ್ವಾಲಿಟಿ ಇಟ್ಟಿದ್ದಾರೆ. ಹಿಮಕ್ಕೆ ಬೇರೆ, ಕಲ್ಲಿಗೆ ಬೇರೆ, ಮರದ ಹಲಗೆಗೆ ಬೇರೆ. ಅದು ಇಂಪಾರ್ಟೆಂಟ್ ಅಲ್ವಾ."

ಕುದುರೆಯ ಕಾಲಿಗೆ ಜಾಗ ಉಂಟು, ಮನುಷ್ಯನ ಪ್ರಾಣ ಹೋಗುವುದಕ್ಕೆ ಇಲ್ಲ! ಇಷ್ಟು ದೊಡ್ಡ ಗೇಮಿನಲ್ಲಿ ನನ್ನ ಸಾವಿಗೆ ಒಂದು ಮೂಲೆ ಸಿಗಲಿಲ್ಲವೇ? ಇನ್ನೊಂದಿಷ್ಟು ಹಿಗ್ಗಿಸಿದರೆ ಇವರ ಗಂಟೇನು ಹೋಗುತ್ತಿತ್ತು? ಜಾಗ ಕಡಿಮೆಯಾದರೆ ಜನ ಇನ್ನೊಂದು ಹಾರ್ಡ್ ಡಿಸ್ಕ್ ತಂದುಕೊಳ್ಳಲಿ, ನಾನು ಆಗಲೇ ತಂದಿದ್ದೇನೆ. ಕಂಪೆನಿಗೆ ನನ್ನ ಪ್ರತಿಭಟನೆ ತಿಳಿಸು ಎಂದು ದೀಪ್ತಿಗೆ ಹೇಳಿ ಹೇಳಿ ಸಾಕಾಗಿದೆ. ಈಗ ಸಂಜೆ ಕೆಲಸ ಮುಗಿಸಿ ಬಂದವನು, ಚಪ್ಪಲಿಯನ್ನೂ ಬಿಡದೆ, "ಒಮ್ಮೆ ಛತ್ರದ ಕಡೆ ಹೋಗಿ ಬಾ ಮಾರಾಯ್ತಿ," ಎನ್ನುತ್ತೇನೆ.

"ನಾನು ರಾಜ್ಯದ ಆ ತುದಿಯಲ್ಲಿದ್ದೇನೆ, ಇಲ್ಲಿ ಯುದ್ಧ ಆಗ್ತಾ ಉಂಟು," ಎಂದು ಸುಮತಿ ರೇಗುತ್ತಾಳೆ.

"ಕುದುರೆ ಇದೆಯಲ್ಲ! ಬೇಗ ಹೋಗು. ಮತ್ತೆ ಹೊರಗೆ ಕಟ್ಟಬೇಡ, ಸೀದಾ ಒಳಗೇ ತಾ."