ಹೂವಪ್ಪಗೌಡರ ಎಡೆಯಲ್ಲಿ ತಾಟೆ ಮೀನಿಲ್ಲ!

ಕಡಲನ್ನು ಒಮ್ಮೆಯೂ ಕಣ್ಣಾರೆ ಕಾಣದ ಘಟ್ಟದ ಮೇಲಿನ ನಾರ್ವೆ ಎಂಬ ಹಳ್ಳಿಯ ಜಲಜಮ್ಮ ಕಡಲನ್ನು ಕಾಪಾಡಲು ಹೊರಟಳು! ಗೌರಿ ಹಬ್ಬ ಕಳೆದ ಮರುವಾರವೇ ಶಪಥವಾಯಿತು. ಇನ್ನು ಈ ಒಲೆಯ ಮೇಲೆ ತಾಟೆ ಮೀನು ಬೇಯುವುದಿಲ್ಲ. ಓದಿದವರು ಶಾರ್ಕ್ ಎನ್ನುತ್ತಾರಲ್ಲ, ಅದೇ. ತನ್ನದೊಂದು ಒಲೆ ಸಾಕೇ? ಸಾಲದು! ರಸ್ತೆಯ ಆಚೆ ಈಚೆಯ ಹದಿನಾರು ಮನೆಗಳಲ್ಲೂ ಬೇಯಬಾರದು!

ಇದಕ್ಕೆಲ್ಲ ಕಾರಣ ಬೂತಪ್ಪ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಪೇಂ ಪೇಂ ಎನ್ನಿಸುತ್ತ ಮೀನು ಮಾರುವವನು. ಅವತ್ತು ಅವಳ ಅಂಗಳದಲ್ಲೇ ಕೂತು ಒಂದು ತಾಟೆಯ ಹೊಟ್ಟೆ ಸೀಳಿದ. ಒಳಗಿನಿಂದ ಆರು ಮರಿಗಳು ಜಾರಿ ಬಿದ್ದವು. ಕಣ್ಣು, ಬಾಲ ಎಲ್ಲ ಮೂಡಿದ್ದವು. ಜಲಜಮ್ಮ ಪಾತ್ರೆ ಹಿಂದಕ್ಕೆ ಎಳೆದುಕೊಂಡಳು.

"ಎಂತದಾ ಇದು?"

"ಇದು ಬಂಗುಡೆ ತರ ರಾಶಿ ಮೊಟ್ಟೆ ಇಡೋ ಜಾತಿ ಅಲ್ಲ ಜಲಜಕ್ಕ. ಹೊಟ್ಟೇಲೇ ಮರಿ ಸಾಕಿ ಹೆರೋದು. ಅದೂ ನಾಕೋ ಆರೋ. ಮೊದ್ಲು ಬೋಟಿನವ್ರಿಗೆ ಆಳುದ್ದದ್ದು ಸಿಗ್ತಿತ್ತಂತೆ. ಈಗ ಇಂಥ ಮೊಳದುದ್ದದ್ದೂ ಕಷ್ಟ."

"ಮತ್ತೆ ಎಂತಕ್ಕೆ ತರ್ತೀಯ?"

"ನೀವು ತಗಳ್ತೀರಲ್ಲ, ಅದಕ್ಕೆ!"

ಆ ಮಾತು ಅವಳ ಗಂಟಲಿಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮರುದಿನವೇ ಮನೆಮನೆ ಹತ್ತಿದಳು. "ಬಂಗುಡೆ ತಿನ್ನಿ, ಬೂತಾಯಿ ತಿನ್ನಿ. ತಾಟೆ ಬೇಡ. ಕೊಳ್ಳೋರಿಲ್ಲ ಅಂದ್ರೆ ಹಿಡಿಯೋರಿಲ್ಲ."

ಮಂಜಪ್ಪ ಮೀಸೆ ತಿರುವಿದ. "ತಿಂದ್ರೆ ಎಂತ ಮಾಡ್ತೀರಿ?"

"ನಿನ್ನ ಸೊಸೆ ಬಾಣಂತನಕ್ಕೆ ನಾನು ಬರಲ್ಲ."

ನಾರ್ವೆಯಲ್ಲಿ ಎಳೆಮಗುವಿಗೆ ನೀರು ಹಾಕಲು ಜಲಜಮ್ಮನ ಕೈಯೇ ಆಗಬೇಕು. ಮಂಜಪ್ಪನ ಮೀಸೆ ಇಳಿಯಿತು. ಒಂದು ವಾರದಲ್ಲಿ ಹದಿನಾರಕ್ಕೆ ಹದಿನಾರೂ ಮನೆಗಳು ಶರಣು! ಬೂತಪ್ಪನ ಒಣ ತಾಟೆಯ ಕಟ್ಟು ಬಂದ ಹಾಗೇ ವಾಪಸು ಹೋಯಿತು.

ಒಂದು ಗುಟ್ಟು ಮಾತ್ರ ಆ ಹದಿನಾರು ಮನೆಗಳಿಗೆ ಗೊತ್ತಿರಲಿಲ್ಲ. ಜಲಜಮ್ಮನ ಅಟ್ಟದ ಮೇಲಿನ ಬಿಸ್ಕತ್ ಡಬ್ಬಿಯಲ್ಲಿ ಒಂದು ತುಂಡು ಒಣ ತಾಟೆ ಇತ್ತು. ಗಂಡ ಹೂವಪ್ಪಗೌಡರು ತಂದದ್ದು. ತಂದ ಎಂಟನೆಯ ದಿನ ಅವರೇ ಇರಲಿಲ್ಲ. ಹದಿನಾಲ್ಕು ತಿಂಗಳಾಯಿತು. ಬೇಯಿಸಲು ಕೈ ಬರಲಿಲ್ಲ. ಎಸೆಯಲೂ ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಮುಚ್ಚಳ ತೆಗೆದು ಮೂಸುತ್ತಿದ್ದಳು. ಅಷ್ಟೇ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ವರ್ಷ ತುಂಬಿದ ಮೇಲೆ ಹೂವಪ್ಪಗೌಡರಿಗೆ ಇದೇ ಮೊದಲ ಎಡೆ. ಸತ್ತವರು ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ ಬಾಳೆಲೆಗೆ ಬಡಿಸಬೇಕು. ಕಾಗೆ ಬಂದು ಮುಟ್ಟಿದರೆ ಅವರು ಉಂಡ ಹಾಗೆ. ಅಲ್ಲಿಯವರೆಗೆ ಮನೆಯವರಿಗೂ ನೆಂಟರಿಗೂ ಊಟವಿಲ್ಲ.

ಬಸರೀಕಟ್ಟೆಯಿಂದ ನಾದಿನಿ ಶೇಷಮ್ಮ ಬಂದಳು. ಚೀಲ ಇಡುವ ಮೊದಲೇ ಎಲೆ ನೋಡಿದಳು. ಕೋಳಿ ಸಾರು, ಕಡುಬು, ಬಂಗುಡೆ ಹುರಿದದ್ದು.

"ಅತ್ತಿಗೇ, ತಾಟೆ ಎಲ್ಲಿ?"

"ಇಲ್ಲ."

"ನಮ್ಮಣ್ಣ ತಾಟೆ ಇಲ್ದೆ ಒಂದು ತುತ್ತು ಉಂಡೋನಲ್ಲ!"

"ಇವತ್ತು ಉಣ್ತಾರೆ."

"ಸತ್ತೋರ ಹತ್ರಾನೂ ಹಟವಾ ಮಾರಾಯ್ತಿ!"

ಜಲಜಮ್ಮ ಎಲೆ ತಂದು ಅಂಗಳದ ಕಲ್ಲಿನ ಮೇಲೆ ಇಟ್ಟಳು. ಬೇಲಿಯಾಚೆ ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಅವರ ಮುಖ ನೋಡಿದರೆ ಸಾಕಿತ್ತು. ಕಾಗೆ ಮುಟ್ಟದಿದ್ದರೆ ಗೌಡರು ಉಪವಾಸ. ಗೌಡರೇ ಒಪ್ಪದ ವ್ರತ ನಮಗೇಕೆಂದು ನಾಳೆಯೇ ಹದಿನಾರು ಒಲೆಗಳ ಮೇಲೂ ತಾಟೆ!

ಕರೆಂಟ್ ತಂತಿಯ ಮೇಲೆ ಒಂದೇ ಒಂದು ಕಾಗೆ ಬಂದು ಕೂತಿತು. ಕತ್ತು ವಾಲಿಸಿ ಎಲೆ ನೋಡಿತು. ಮುಖ ತಿರುಗಿಸಿತು. ಥೇಟ್ ಹೂವಪ್ಪಗೌಡರು!

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಕಾಗೆ ಅಲ್ಲಾಡಲಿಲ್ಲ.

"ಏನೋ ಆಸೆ ಉಳಿದಿದೆ," ಎಂದು ಶೇಷಮ್ಮ ಕೈ ಮುಗಿದಳು. "ಅಣ್ಣಾ, ನಿನ್ನ ಬಂದೂಕು ಯಾರಿಗೂ ಕೊಡಲ್ಲ, ಬಾ!"

ಕಾಗೆ ಬರಲಿಲ್ಲ.

"ನಿನ್ನ ರೇಡಿಯೋ ನಾನೇ ತಗಂಡೋಗಿದ್ದು ಅಣ್ಣಾ, ನಾಳೆ ತಂದಿಡ್ತೀನಿ!"

ಜಲಜಮ್ಮ ತಟ್ಟನೆ ತಿರುಗಿದಳು. ರೇಡಿಯೋ ಹೋದದ್ದು ಎಲ್ಲಿಗೆಂದು ವರ್ಷದಿಂದ ಹುಡುಕುತ್ತಿದ್ದಳು!

ಕಾಗೆ ಕೊಕ್ಕು ಉಜ್ಜಿಕೊಂಡಿತು. ಬೇಲಿಯಾಚೆಯಿಂದ ಮಂಜಪ್ಪ ಕತ್ತು ಚಾಚಿದ. "ಹೂವಪ್ಪಾ, ಆ ಕೊಡಲಿ ಕಳೆದಿಲ್ಲ ಮಾರಾಯ, ನಮ್ಮ ಕೊಟ್ಟಿಗೇಲಿದೆ!" ಎಂದು ಕೂಗಿಬಿಟ್ಟ. ಇನ್ನೊಬ್ಬರು ಹಾರೆ ಒಪ್ಪಿಕೊಂಡರು. ಮತ್ತೊಬ್ಬರು ನಾಯಿಮರಿ ಒಪ್ಪಿಕೊಂಡರು! ಅರ್ಧ ಊರು ತಪ್ಪೊಪ್ಪಿಕೊಂಡರೂ ಕಾಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಇದೆಲ್ಲ ಅಲ್ಲ," ಎಂದು ಶೇಷಮ್ಮ ಕಣ್ಣೊರೆಸಿಕೊಂಡಳು. "ಅವನು ತಾಟೆ ಕೇಳ್ತಿದಾನೆ. ಅತ್ತಿಗೇ, ನಿನ್ನ ಹಟಕ್ಕೆ ನಮ್ಮಣ್ಣ ಹಸ್ಕಂಡು ಹೋಗ್ತಾನೆ."

ಜಲಜಮ್ಮ ನಲವತ್ತು ವರ್ಷ ಒಂದು ಹೊತ್ತೂ ಅವರನ್ನು ಹಸಿದು ಮಲಗಲು ಬಿಟ್ಟವಳಲ್ಲ. ಒಳಗೆ ಹೋದಳು. ಅಟ್ಟ ಹತ್ತಿದಳು. ಡಬ್ಬಿ ತೆರೆದಳು. ಆ ತುಂಡನ್ನು ಸೆರಗಿನ ತುದಿಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದಳು. ಯಾರಿಗೂ ಕಾಣದ ಹಾಗೆ ಕಡುಬಿನ ಅಡಿಗೆ ಸರಿಸಿದರೆ ಮುಗಿಯಿತು!

ಹೊರಗೆ ಬಂದಳು. ಶೇಷಮ್ಮನ ಮೂಗು ಅರಳಿತು. "ಎಂತದೋ ವಾಸನೆ!"

ಜಲಜಮ್ಮ ಕಲ್ಲಿನ ಮುಂದೆ ಬಗ್ಗಿದಳು. ಅದೇ ಅಂಗಳ. ಆರು ಮರಿಗಳು ಜಾರಿ ಬಿದ್ದದ್ದು ಇಲ್ಲೇ. ಕೈ ಮುಂದೆ ಹೋಗಲಿಲ್ಲ. ನೆಟ್ಟಗೆ ನಿಂತು ತಂತಿ ನೋಡಿ ಹೇಳಿದಳು:

"ಕೇಳಿ ಇಲ್ಲಿ. ಬಸಿರು ಮೀನು ಸೀಳಿದ್ದು ನಾನು ನೋಡಿದೀನಿ. ನೀವು ನೋಡಿಲ್ಲ. ಇನ್ನು ಈ ಮನೇಲಿ ತಾಟೆ ಬೇಯಲ್ಲ. ಬಂಗುಡೆ ಇದೆ. ಉಣ್ಣೋದಾದ್ರೆ ಉಣ್ಣಿ, ಇಲ್ದಿದ್ರೆ ಬಿಡಿ. ಆದ್ರೆ ಹಸ್ಕಂಡು ಹೋಗ್ಬೇಡಿ."

ಕಾಗೆ ರೆಕ್ಕೆ ಬಿಚ್ಚಿತು. ನೇರ ಇಳಿಯಿತು. ಎಲೆಯ ಮೇಲಕ್ಕಲ್ಲ, ಜಲಜಮ್ಮನ ಮೇಲಕ್ಕೆ! "ಅಯ್ಯೋ!" ಎಂದು ಅವಳು ಮುಷ್ಟಿ ಬಿಟ್ಟಳು. ಸೆರಗಿನ ಸುತ್ತು ಬಿಚ್ಚಿತು. ತುಂಡು ಹೊರಬಿತ್ತು. ಕಾಗೆ ಅದನ್ನು ಕಚ್ಚಿಕೊಂಡು ಮಾಡಿನ ಹಂಚಿನ ಮೇಲೆ ಕೂತಿತು. ಊರೆಲ್ಲ ನೋಡುವ ಹಾಗೆ!

"ತಾಟೆ!" ಎಂದು ಬೇಲಿ ಪೂರ್ತಿ ಉದ್ಗರಿಸಿತು.

"ನಮ್ಮಣ್ಣ ಬದುಕಿದ್ದಾಗ್ಲೂ ಅಷ್ಟೇ," ಎಂದಳು ಶೇಷಮ್ಮ. "ನೀನು ಬಚ್ಚಿಟ್ಟಿದ್ದು ಹುಡುಕಿ ತಿನ್ನದೆ ಬಿಟ್ಟೋನಲ್ಲ!"

ಜಲಜಮ್ಮನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ಅವರು ತಂದಿದ್ದು," ಎಂದಳು ಸಣ್ಣ ದನಿಯಲ್ಲಿ. "ಕಡೇದು. ಎಸೆಯಕ್ಕೆ ಆಗ್ಲಿಲ್ಲ."

ಯಾರೂ ನಗಲಿಲ್ಲ.

ಕಾಗೆ ಒಮ್ಮೆ ಕುಕ್ಕಿತು. ಎರಡು ಸಲ ಕುಕ್ಕಿತು. ಹದಿನಾಲ್ಕು ತಿಂಗಳ ತಾಟೆ ಹಲಗೆಯಾಗಿತ್ತು. ಕಾಗೆ ಅದನ್ನು ಟಪ್ಪೆಂದು ಶೇಷಮ್ಮನ ಕಾಲಬುಡಕ್ಕೆ ಬಿಸಾಡಿ, ಹಾರಿ ಬಂದು ಎಲೆಯ ಮೇಲೆ ಕೂತು ಬಂಗುಡೆಗೆ ಬಾಯಿ ಹಾಕಿತು. ಹಿಂದೆಯೇ ಇನ್ನೂ ನಾಲ್ಕು ಬಂದವು.

"ಉಂಡ್ರು!" ಎಂದು ಜಲಜಮ್ಮ ಕಲ್ಲಿನ ಪಕ್ಕದಲ್ಲೇ ಕುಸಿದು ಕೂತಳು. ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ.

"ಹೂವಪ್ಪನೇ ತಾಟೆ ಬಿಟ್ಟ ಮೇಲೆ ನಮ್ದೆಂತದು!" ಎಂದ ಮಂಜಪ್ಪ.

ಬೇಲಿಯ ತುದಿಯಲ್ಲಿ ಬೈಕಿನ ಮೇಲೆ ಕಾಲೂರಿ ಎಲ್ಲ ನೋಡುತ್ತಿದ್ದ ಬೂತಪ್ಪ ಒಮ್ಮೆ ಪೇಂ ಎನ್ನಿಸಿದ.

"ಹದಿನಾರು ಮನೆಯವ್ರು ಯಾವಾಗ್ಲೋ ಬಿಟ್ಟಿದ್ರು ಜಲಜಕ್ಕಾ. ಹದಿನೇಳನೇ ಮನೆ ಇವತ್ತು ಬಿಡ್ತು ನೋಡಿ!"