ಬದುಕಿರುವ ರಾಯ್ನಾಳಿಗೆ ಕಪ್ಪು ಅಂಚಿನ ಗೌರವ

ಗೌರವ ಸಮರ್ಪಣಾ ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ,

ಮಾನ್ಯರೇ,

ತಾವೆಲ್ಲರೂ ಕ್ಷೇಮವಾಗಿದ್ದೀರೆಂದೂ, ತಮ್ಮ ಹೆಸರುಗಳು ಇನ್ನೂ ಯಾವ ಮರಕ್ಕೂ ಅಂಟಿಲ್ಲವೆಂದೂ ನಂಬಿಕೊಂಡು, ಗೊರ್ನಾ ಸ್ಲಿವಿತ್ಸಾ ಹಳ್ಳಿಯ ಮಿಲ್ಕಾ ದೊಬ್ರೆವಾ ಮಾಡುವ ವಿನಯಪೂರ್ವಕ ವಂದನೆಗಳು.

ನಮ್ಮ ರಾಯ್ನಾ ರೈಲ್ವೆ ಟಿಕೆಟ್ ಕೌಂಟರಿನಿಂದ ನಿವೃತ್ತಳಾದ ಮೇಲೆ ಹನ್ನೊಂದು ವರ್ಷಗಳಿಂದ ಪ್ರತಿ ಮಂಗಳವಾರ ವಾಚನಾಲಯದಲ್ಲಿ ಕೂತು, ಊರವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾ, ಮಾತ್ರೆ ಮರೆತವರನ್ನು ಬೈಯುತ್ತಾ ಬಂದಿದ್ದಾಳೆ. ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುವ ಊರಿನಲ್ಲಿ ಅವಳ ಬೈಗುಳವೇ ನಮಗೆ ಆಸ್ಪತ್ರೆ. ಇಂಥವಳನ್ನು ಸನ್ಮಾನಿಸಬೇಕೆಂದು ತಮಗೆ ಹೊಳೆದದ್ದು ನಮ್ಮ ಭಾಗ್ಯ.

ಆದರೆ ಆ ಪ್ರಕಟಣೆಯನ್ನು, ಊರ ಮರಗಳಿಗೆ ಅಂಟಿಸುವ ಸತ್ತವರ ಕಾಗದಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲೇ, ಅದೇ ಕಪ್ಪು ಅಂಚು ಕೊಟ್ಟು, ನಡುವೆ ಅವಳ ಫೋಟೋ ಇಟ್ಟು, “ಎಂದೂ ಮರೆಯಲಾಗದ ನಮ್ಮ ರಾಯ್ನಾ ಅವರಿಗೆ ಆಳವಾದ ಕೃತಜ್ಞತೆಗಳು, ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಬರಬೇಕು” ಎಂದು ಬರೆಸಿ, ಬಸ್ ನಿಲ್ದಾಣದ ಲಿಂಡನ್ ಮರಕ್ಕೆ, ನನ್ನ ಗಂಡ ವಸಿಲ್ ಸತ್ತು ವರ್ಷವಾದದ್ದಕ್ಕೆ ಹಾಕಿದ ಕಾಗದದ ಪಕ್ಕದಲ್ಲೇ ಅಂಟಿಸಿದ ತಮ್ಮ ಮಿತವ್ಯಯವನ್ನು ಹೇಗೆ ಹೊಗಳಲಿ?

ರಾಯ್ನಾ ಆಗ ಸಮುದ್ರದ ಕಡೆ ತಂಗಿಯ ಮನೆಗೆ ಹೋಗಿದ್ದಳು. ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ತಾವು ಅನ್ನಬಹುದು. ಸತ್ತವರಿಗೆ ಯಾರು ಫೋನು ಮಾಡುತ್ತಾರೆ, ಮಾನ್ಯರೇ? ಸತ್ತವರ ಹೆಸರಿನಲ್ಲಿ ಹಂಚುವ ಗೋಧಿಯನ್ನು ನಾನು ಬೇಯಿಸಿ ಸಕ್ಕರೆ ಉದುರಿಸಿದೆ. ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಎಂದು ಬೇಯಿಸಿ ಬೇಯಿಸಿ ನನ್ನ ಕೈಗೆ ಈಗ ಚೆನ್ನಾಗಿ ಪಳಗಿರುವ ಅಡುಗೆ ಅದೊಂದೇ. ಎಂಬತ್ತರ ಗೆಂಚೊ ತಾತ ಮಾತ್ರ ಮಾತ್ರೆಗಳನ್ನು ಬೀರುವಿಗೆ ತಳ್ಳಿ, “ಬೈಯೋಳೇ ಹೋದ್ಮೇಲೆ ಯಾರಿಗೆ ಹೆದರಿ ನುಂಗ್ಲಿ?” ಎಂದು ಮೂರು ದಿನ ಸುಮ್ಮನೆ ಕೂತುಬಿಟ್ಟ.

ಶುಕ್ರವಾರದವರೆಗೆ ಕಾಯಲಾರದೆ, ಅವಳ ದಿನವೆಂದು ಮಂಗಳವಾರ ಬೆಳಿಗ್ಗೆಯೇ ನಾವೆಲ್ಲ ಗೋಧಿಯ ತಟ್ಟೆ ಹಿಡಿದು ಮರದ ಕೆಳಗೆ ನಿಂತಿದ್ದಾಗ ಬಸ್ಸು ಬಂತು, ಬಸ್ಸಿನಿಂದ ಮೀನಿನ ಚೀಲದೊಂದಿಗೆ ರಾಯ್ನಾ ಇಳಿದಳು. ಗೆಂಚೊ ತಾತ ನೆಲಕ್ಕೆ ಕುಸಿದು, “ಕರೀಬೇಡ ಕಣೇ ತಾಯಿ, ನಾನು ಈಗ್ಲೇ ಬರಲ್ಲ!” ಎಂದು ಕೂಗಿದ. ಅವಳು ಕಾಗದವನ್ನು ಪೂರ್ತಿ ಓದಿ, “ಸಾಯ್ಸೋದಾದ್ರೆ ಸಾಯ್ಸ್ಲಿ, ಈ ಫೋಟೋನೇ ಬೇಕಿತ್ತಾ? ಮೂಗು ನೋಡು, ಬದನೆಕಾಯಿ!” ಎಂದವಳೇ ತಾತನ ತೋಳು ಹಿಡಿದು, ಎಲ್ಲಿ ಹೋದರೂ ಕೈಚೀಲದಲ್ಲೇ ಇರುವ ಪಟ್ಟಿ ತೆಗೆದು ಸುತ್ತಿದಳು. ಇನ್ನೂರ ಹತ್ತು!

“ಮಾತ್ರೆ ಎಲ್ಲಿ?”

“ನೀನು ಸತ್ತಿದ್ದೆಯಲ್ಲಮ್ಮಾ!”

“ನಾನು ಸತ್ರೆ ನಿನ್ನ ರಕ್ತ ರಜಾ ಹಾಕುತ್ತಾ, ಮುದುಕಪ್ಪಾ?”

ಡಾಕ್ಟರಿಗೆ ಫೋನಾಯಿತು, ಮಾತ್ರೆ ಗಂಟಲಿಗಿಳಿಯಿತು, ಸಂಜೆಗೆ ಒತ್ತಡವೂ ಇಳಿಯಿತು. ಅಷ್ಟರಲ್ಲಿ ಗೋಧಿ ತಿನ್ನಲು ಬಂದ ನಲವತ್ತಮೂರು ಜನರೂ ವಾಚನಾಲಯದ ಮುಂದೆ ಸಾಲು ನಿಂತಿದ್ದರು. ಅವರಲ್ಲಿ ಹನ್ನೊಂದು ವರ್ಷ ತೋಳೇ ತೋರಿಸದಿದ್ದ ಇಬ್ಬರ ರಕ್ತ ಕುದಿಯುತ್ತಿದ್ದುದು ಅಂದೇ ಗೊತ್ತಾಯಿತು. ಇಡೀ ಬಲ್ಗೇರಿಯಾದಲ್ಲಿ ಇಷ್ಟು ಫಲ ಕೊಟ್ಟ ಸನ್ಮಾನ ಇನ್ನೊಂದಿರಲಾರದು.

ಆದ್ದರಿಂದ ನನ್ನ ಅರಿಕೆ: ರಾಯ್ನಾಳನ್ನು ವರ್ಷಕ್ಕೊಮ್ಮೆ ಹೀಗೆಯೇ ಕೊಂದುಕೊಡಿ, ಈ ಊರಿಗೆ ಕಾಲೇ ಇಡದ ಹಲ್ಲಿನ ಡಾಕ್ಟರನ್ನೂ ಒಮ್ಮೆ ಸಾಯಿಸಿ ನೋಡಿ, ಬಂದರೂ ಬಂದಾರು. ಸನ್ಮಾನದ ಫಲಕದ ಬದಲು ಅವಳಿಗೆ ಒಂದು ಹೊಸ ಪಟ್ಟಿ ಕೊಡಿಸಿ. ಈಗಿನದು ಹೊಲಿಗೆಯ ಮೇಲೆ ಹೊಲಿಗೆ ಕಂಡಿದೆ.

ಸಾಧ್ಯವಾದರೆ ಇನ್ನೊಂದು: ಆ ಪ್ರಕಟಣೆಯನ್ನು ಒಂದೂವರೆ ವರ್ಷ ಹಿಂದಕ್ಕೆ ಹೋಗಿ ಅಂಟಿಸಿ ಬನ್ನಿ. “ನಾನು ಕುದುರೆ ಕಣೇ, ಕುದುರೆಗೆ ಯಾರಾದ್ರೂ ಬಿಪಿ ನೋಡ್ತಾರಾ?” ಎಂದು ನಗುತ್ತಿದ್ದ ನನ್ನ ವಸಿಲ್ ವಾಚನಾಲಯದ ಮೆಟ್ಟಿಲು ಹತ್ತಿದವನಲ್ಲ, ಆದರೆ ಯಾರ ಸಾವಿಗೂ ತಪ್ಪಿಸಿಕೊಂಡವನೂ ಅಲ್ಲ. ಕಾಗದ ಕಂಡಿದ್ದರೆ ಟೋಪಿ ತೆಗೆದು ಮರದ ಕೆಳಗೆ ಬಂದು ನಿಲ್ಲುತ್ತಿದ್ದ. ರಾಯ್ನಾ ಬಸ್ಸಿಳಿದು ಅವನ ತೋಳು ಹಿಡಿಯುತ್ತಿದ್ದಳು.

ಸದ್ಯಕ್ಕೆ ಬದುಕಿರುವ,
ತಮ್ಮ ವಿಶ್ವಾಸಿ,
ಮಿಲ್ಕಾ ದೊಬ್ರೆವಾ

ಮರೆತ ಮಾತು: ಶುಕ್ರವಾರದ ಸಮಾರಂಭಕ್ಕೆ ರಾಯ್ನಾ ಜೀವಸಹಿತ ಬರುತ್ತಾಳೆ. ಹೂವು ತರುವಾಗ ದಯವಿಟ್ಟು ಎಣಿಸಿ ತನ್ನಿ. ಸಮ ಸಂಖ್ಯೆ ಸತ್ತವರಿಗೆ, ಬೆಸ ಬದುಕಿರುವವರಿಗೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಸಮಿತಿಗೆ ಅಷ್ಟು ಲೆಕ್ಕ ಕಷ್ಟವಾದರೆ ಒಂದೇ ಹೂವು ಸಾಕು.