ಗೆಲ್ಲಬೇಕಾಗಿದ್ದ ಒಂಬತ್ತು ಮಂದಿ

ನಮ್ಮ ಕಾಕಾ ಜೀವಮಾನದಲ್ಲಿ ಒಮ್ಮೆಯೂ ಫುಟ್‌ಬಾಲ್ ಮುಟ್ಟಿದವರಲ್ಲ. ಒಮ್ಮೆ ಮುಟ್ಟಿ, ಒಮ್ಮೆ ಬಿದ್ದು, ಒಂದು ಹಲ್ಲು ಮುರಿದುಕೊಂಡಿದ್ದರೆ ನಾವೆಲ್ಲ ಬದುಕಿಕೊಳ್ಳುತ್ತಿದ್ದೆವು. ಆಡಿದವರ ಹುಚ್ಚು ಮಂಡಿನೋವು ಬಂದಾಗ ಇಳಿಯುತ್ತದೆ. ಆಡದವರ ಹುಚ್ಚಿಗೆ ಏನು ಮಾಡುವುದು ಹೇಳಿ?

ನಾನು ಹೇಳುತ್ತಿರುವುದು ಅಮೆರಿಕದ ಫುಟ್‌ಬಾಲು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಅದರಲ್ಲೂ ಕಾಲೇಜು ಹುಡುಗರದ್ದು, ಅದರಲ್ಲೂ ಟೆಕ್ಸಾಸಿನ ಒಂದೇ ಒಂದು ಯೂನಿವರ್ಸಿಟಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿನ ಅರ್ಧ ಜನ ನನ್ನನ್ನು ಊಟಕ್ಕೆ ಕರೆಯುತ್ತಾರೆ, ಉಳಿದರ್ಧ ಮಾತು ಬಿಡುತ್ತಾರೆ. ಕಾಕಾನಿಗೆ ಬೇಕಾದದ್ದು ಆಟವೂ ಅಲ್ಲ. ದೇಶದ ಅಷ್ಟೂ ಕಾಲೇಜು ಆಟಗಾರರಲ್ಲಿ ಒಬ್ಬನನ್ನು ಪತ್ರಕರ್ತರ ವೋಟಿನಿಂದ ಆರಿಸಿ, ಈ ವರ್ಷಕ್ಕೆ ಇವನೇ ಶ್ರೇಷ್ಠ ಎಂದು ಕೊಡುವ ಒಂದು ಪ್ರಶಸ್ತಿ ಇದೆಯಲ್ಲ, ಅದು ಆ ಯೂನಿವರ್ಸಿಟಿಗೆ ಯಾವಾಗ ಬಂತು, ಯಾವಾಗ ಬರಲಿಲ್ಲ, ಯಾಕೆ ಬರಲಿಲ್ಲ ಎಂಬ ಇತಿಹಾಸ.

ಅವರು ಅಲ್ಲಿ ಓದಿದವರೇ ಎಂದು ನೀವು ಕೇಳಬಹುದು. ಇಲ್ಲ. ಕಾಕಾ ಇಳಕಲ್ಲಿನವರು. ಕಲ್ಲಿನ ಊರಿನಿಂದ ಬಂದು ಆಸ್ಟಿನ್ನಿನ ಪಕ್ಕದ ಜಾರ್ಜ್‌ಟೌನಿನಲ್ಲಿ ಅಡುಗೆಮನೆಯ ಕಟ್ಟೆಗಳಿಗೆ ಗ್ರಾನೈಟ್ ಕೊಯ್ದು ಕೂರಿಸುವ ಅಂಗಡಿ ಇಟ್ಟವರು. ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸವೆಂದರೆ ಆ ಯೂನಿವರ್ಸಿಟಿಯ ಗಾಜಿನ ಕಪಾಟಿನಲ್ಲಿ ಪ್ರಶಸ್ತಿಗಳ ಕೆಳಗೆ ಹಾಸುವ ಕಲ್ಲು. ಆಗ ಅಲ್ಲಿದ್ದ ಪ್ರಶಸ್ತಿಗಳು ಎರಡು. ಎರಡಕ್ಕಾಗುವಷ್ಟು ಕಲ್ಲು ಸಾಕು ಎಂದರು ಯೂನಿವರ್ಸಿಟಿಯವರು. ಕಾಕಾ ಆರಕ್ಕಾಗುವಷ್ಟು ಕೊಯ್ದು ಕೊಟ್ಟರು.

"ಮುಂದ ಬರ್ತಾವಲ್ಲ, ಆವಾಗ ಮತ್ತ ಕಲ್ಲು ಜೋಡಿಸಿದ್ರ ಗೆರಿ ಕಾಣತೈತಿ" ಎಂದು ಅವರ ವಾದ.

ಕಲ್ಲು ಕಾಯುತ್ತಾ ಕೂತಿತು. ಪ್ರಶಸ್ತಿಗಳು ಎರಡೇ ಉಳಿದವು. ಪ್ರತಿ ವರ್ಷ ಕಾಕಾ ಹೋಗಿ ಖಾಲಿ ಜಾಗ ನೋಡಿಕೊಂಡು ಬರುತ್ತಾರೆ. ಒಮ್ಮೆ ಮೂರನೆಯ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ಹೂಕುಂಡ ಇಟ್ಟಿದ್ದನ್ನು ಕಂಡು ಮೂರು ದಿನ ಊಟ ಸೇರಲಿಲ್ಲ. ಆಗಲೇ ಅವರು ಹಳೆಯ ಪತ್ರಿಕೆಗಳನ್ನು ಹುಡುಕಿ ಹುಡುಕಿ ಓದಿ, ಗೆದ್ದವರು ಇಬ್ಬರಾದರೂ ಗೆಲ್ಲಬೇಕಾಗಿದ್ದವರು ಇನ್ನೂ ಒಂಬತ್ತು ಮಂದಿ ಎಂದು ಪತ್ತೆ ಹಚ್ಚಿದ್ದು.

"ಗೆದ್ದಾವ್ರು ಇಬ್ಬರು. ಒಂಬತ್ತು ಮಂದೀದು ಅಳು ನಮ್ಮನಿಯಾಗ" ಎನ್ನುತ್ತಾರೆ ಕಾಕಾನ ಹೆಂಡತಿ, ನಮ್ಮ ಕಾಕು. ಅಂಗಡಿಯಲ್ಲಿ ಫೋನ್ ಎತ್ತುವುದು ಅವರ ಕೆಲಸ. ಗಿರಾಕಿಗಳನ್ನು ಕಾಕಾನ ಬಾಯಿಂದ ಬಿಡಿಸಿ ಕಳಿಸುವುದು ಅದಕ್ಕಿಂತ ದೊಡ್ಡ ಕೆಲಸ. ಒಮ್ಮೆ ಬೆಂಗಳೂರಿನ ಕಡೆಯ ಗಂಡಹೆಂಡತಿ ಹೊಸ ಮನೆಗೆ ಕಲ್ಲು ನೋಡಲು ಬಂದರು. ಕಾಕಾ ಕರಿಯ ಕಲ್ಲೊಂದರ ಮೇಲೆ ಕೈಯಿಟ್ಟು, "ಇದು ಥೇಟ್ ನಮ್ಮ ನಾಲ್ಕನೇದಾವ. ಹೊರಗ ಗಟ್ಟಿ ಮನಶ್ಯಾ, ಒಳಗ ಒಂದು ಬಿರುಕು" ಎಂದು ಶುರುಮಾಡಿದರು. ಅರ್ಧ ಗಂಟೆಯಾಯಿತು. ನಾಲ್ಕನೆಯವನಿಗೆ ಕಡಿಮೆ ಬಿದ್ದ ವೋಟುಗಳು, ಆ ವರ್ಷದ ಪತ್ರಕರ್ತರ ಕುತಂತ್ರ ಎಲ್ಲ ಮುಗಿದ ಮೇಲೆ ಆ ಹೆಂಗಸು ಮೆಲ್ಲಗೆ ಹೇಳಿದಳು: "ಅಂಕಲ್, ನಮಗೆ ಬಿರುಕಿಲ್ಲದ್ದು ತೋರಿಸಿ."

ಡಾಲಸ್ ಕಡೆಯ ಫ್ರಿಸ್ಕೋದಲ್ಲಿ ಒಂದು ಗೃಹಪ್ರವೇಶ. ಕಟ್ಟೆ ಕೂರಿಸಿದವರೆಂದು ಕಾಕಾನಿಗೂ ಕರೆ, ಕಾಕಾ ಕಾಕು ಜೊತೆ ನಾನೂ ಹೋಗಿದ್ದೆ. ಊಟವಾದ ಮೇಲೆ ಮನೆಯ ಯಜಮಾನರು ಪಾಪ ಒಂದು ಮಾತಿಗೆ, "ಅಂಕಲ್, ಹಿರಿಯರು, ಮಕ್ಕಳಿಗೆ ನಾಲ್ಕು ಒಳ್ಳೆ ಮಾತು ಹೇಳಿ" ಎಂದುಬಿಟ್ಟರು. ಎರಡನೆಯ ಆಟಗಾರನ ಹೊತ್ತಿಗೆ ಮಕ್ಕಳು ಮಹಡಿ ಹತ್ತಿದವು. ಮೂರನೆಯವನಿಗೆ ಗಂಡಸರು ಹಿತ್ತಲಿನ ಹುಲ್ಲು ನೋಡಲು ಹೋದರು. ಐದನೆಯವನಿಗೆ ಸೋಫಾದಲ್ಲಿ ಉಳಿದದ್ದು ಒಬ್ಬನೇ ಒಬ್ಬ. ಕೊನೆತನಕ ಅಲುಗಾಡದೆ ಕೇಳಿದ.

ವಾಪಸ್ ಬರುವಾಗ ಕಾಕಾ ಬೀಗುತ್ತಿದ್ದರು. "ನೋಡಿದೇನು? ಒಬ್ಬ ರಸಿಕ ಇದ್ದರ ಸಾಕು."

"ಅವನ ಕೂಸು ಅವನ ತೊಡಿ ಮ್ಯಾಲ ಮಲಗಿತ್ರಿ" ಎಂದರು ಕಾಕು. "ಎದ್ದರ ಎಚ್ಚರಾಕ್ಕೈತಿ ಅಂತ ಕುಂತಿದ್ದ."

ಹೀಗಿರುವಾಗ ಹ್ಯೂಸ್ಟನ್ನಿನ ಕನ್ನಡದವರು ತಮ್ಮ ರಾಜ್ಯೋತ್ಸವಕ್ಕೆ ಕಾಕಾನನ್ನು ಭಾಷಣಕ್ಕೆ ಕರೆದರು. ನಿಜವಾದ ವೇದಿಕೆ, ನಿಜವಾದ ಮೈಕು, ಮುನ್ನೂರು ಕುರ್ಚಿ. ಸರಿಯಾಗಿ ಹನ್ನೆರಡು ಗಂಟೆಗೆ, ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ, ಊಟಕ್ಕೆ ಮುಂಚೆ. ವಿಷಯ ನಿಮ್ಮಿಷ್ಟ, ಆದರೆ ಹತ್ತೇ ನಿಮಿಷ.

ಕಾಕಾ ಎರಡು ತಿಂಗಳು ತಾಲೀಮು ಮಾಡಿದರು. ತಾಲೀಮು ಪಕ್ಕದ ಊರು ಲಿಯಾಂಡರಿನ ನನ್ನ ಮನೆಯಲ್ಲಿ. ಕಾಕು ತಮ್ಮ ಮನೆಯಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಗಡಿಯಾರ ಹಿಡಿಯುವವಳು ನಾನು. ಮೊದಲ ಓದಿಗೆ ನಲವತ್ತೇಳು ನಿಮಿಷ.

"ಕಾಕಾ, ಒಂಬತ್ತರಾಗ ಐದು ಮಂದೀನ ಬಿಡೋಣ" ಎಂದೆ.

ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಮ್ಮೆ ಅವರನ್ನ ಬಿಟ್ಟಾರಲ್ಲವಾ ತಂಗಿ. ನಾನೂ ಬಿಡ್ಲೇನು?"

ನಾನು ಗಡಿಯಾರವನ್ನು ಮತ್ತೆ ಸೊನ್ನೆಗೆ ತಂದೆ. ಕೊನೆಗೆ ಯಾರನ್ನೂ ಬಿಡದೆ, ಒಬ್ಬೊಬ್ಬನಿಗೆ ಒಂದೊಂದೇ ನಿಮಿಷದಂತೆ, ಉಸಿರು ಕಟ್ಟಿ ಹೇಳುವುದನ್ನು ಕಲಿತರು. ಒಂಬತ್ತು ಮಂದಿಗೆ ಒಂಬತ್ತು ನಿಮಿಷ. ನಿಜವಾಗಿ ಗೆದ್ದ ಇಬ್ಬರಿಗೂ ಸೇರಿ ಒಂದೇ ನಿಮಿಷ. ಅವರಿಗೇನು ಕಡಿಮೆಯಾಗಿದೆ ಎಂದು.

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ. ನನ್ನ ತಲೆಯಲ್ಲಿ ಅದು ಇವತ್ತಿಗೂ ನಿಧಾನವಾಗಿಯೇ ಓಡುತ್ತದೆ. ಪಾತ್ರೆ ತೊಳೆಯುವಾಗ, ಆಫೀಸಿನ ಮೀಟಿಂಗಿನಲ್ಲಿ, ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ.

ಆ ಶನಿವಾರ ಬೆಳಗಿನ ಜಾವದವರೆಗೂ ಮಳೆ ಹೊಡೆದು ನಿಂತಿತ್ತು. ಏಳಕ್ಕೆ ಹೊರಟೆವು. ಅಂಗಡಿಯ ಪಿಕಪ್ ಟ್ರಕ್ಕಿನಲ್ಲಿ ಕಾಕಾ ಡ್ರೈವರ್, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಕಾಕು, ಅವರ ಪಕ್ಕ ಹ್ಯೂಸ್ಟನ್ನಿನ ಊಟಕ್ಕೆಂದು ಒಂದು ಡಬರಿ ಪಾತ್ರೆ ತುಂಬ ಗೋಧಿಹುಗ್ಗಿ. ಟ್ರಕ್ಕಿನ ಹಿಂದಿನ ತೆರೆದ ಭಾಗದಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದ ಎರಡು ದೊಡ್ಡ ಗ್ರಾನೈಟ್ ಹಲಗೆ. ಹೇಗೂ ಹೋಗುತ್ತೇವಲ್ಲ, ಅಲ್ಲಿಯ ಗಿರಾಕಿಗೆ ಕೊಟ್ಟುಬಿಡೋಣ ಎಂದು. "ಭಾಷಣಾ ಮಾಡಾಕ ಕಲ್ಲು ಹೊತ್ಕೊಂಡು ಹೋಗಾವ್ರನ್ನ ಇವರೊಬ್ಬರನ್ನ ನೋಡಿದೆ" ಎಂದರು ಕಾಕು. "ಸಾಮಾನ್ಯವಾಗಿ ಕೇಳಾವ್ರು ತರ್ತಾರ."

ಹೈವೇ ಮೇಲೆ ಎಲ್ಲೋ ನೀರು ನಿಂತು ಗಾಡಿಗಳು ಸಾಲುಗಟ್ಟಿದ್ದವು. ಕಾಕಾ ಗಡಿಯಾರ ನೋಡಿದರು, ಹಳ್ಳಿ ರಸ್ತೆಗೆ ತಿರುಗಿಸಿದರು. ಹನ್ನೊಂದರ ಸುಮಾರಿಗೆ ಒಂದು ಹಳ್ಳದ ಹತ್ತಿರ ಬಂದೆವು. ಸೇತುವೆ ಇಲ್ಲ, ರಸ್ತೆಯೇ ತಗ್ಗಿಗಿಳಿದು ಹಳ್ಳ ದಾಟಿ ಆಚೆ ಏರುತ್ತದೆ. ಅದರ ಮೇಲೆ ಕಂದು ನೀರು ಹರಿಯುತ್ತಿತ್ತು. ಪಕ್ಕದಲ್ಲಿ ಆಳ ತೋರಿಸುವ ಕಂಬ. ಕಾಕಾ ಬ್ರೇಕ್ ಒತ್ತಿ ನನ್ನ ಮುಖ ನೋಡಿದರು. "ನೀ ಎಂಜಿನಿಯರು. ಏನಂತಿ?"

ನೀರಿನ ವೇಗ, ಒತ್ತಡ, ಎಲ್ಲ ಪರೀಕ್ಷೆಗೆ ಬರೆದು ಪಾಸಾದವಳು ನಾನು. ನಾನು ಹೇಳಿದ್ದು ಇಷ್ಟು: "ಹೋಗಬಹುದು ಅನ್ನಿಸ್ತೈತಿ."

ನಡುಮಧ್ಯ ಎಂಜಿನ್ ನಿಂತಿತು. ಟ್ರಕ್ಕು ಮೆಲ್ಲಗೆ, ಯಾರೋ ಪಕ್ಕಕ್ಕೆ ಸರಿಸಿದಂತೆ, ಅಡ್ಡ ಜಾರಿತು. ಕಂಬಕ್ಕೆ ತಗಲಿ ನಿಂತಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ತುರ್ತು ಸಹಾಯಕ್ಕೆ ಮಾಡಿದ ಫೋನಿನಲ್ಲಿ ಹುಡುಗಿಯೊಬ್ಬಳು, ನೀರಿಗೆ ಇಳಿಯಬೇಡಿ, ಎತ್ತರಕ್ಕೆ ಹತ್ತಿ, ದೋಣಿ ಬರುತ್ತದೆ, ಇವತ್ತು ನಿಮ್ಮಂಥವರು ತುಂಬ ಜನ ಇದ್ದಾರೆ ಎಂದಳು. ನಾವು ಕಿಟಕಿಯಿಂದ ಹೊರಬಿದ್ದು, ಒಬ್ಬರನ್ನೊಬ್ಬರು ಎಳೆದುಕೊಂಡು, ಹಿಂದಿನ ಭಾಗಕ್ಕೆ ಹೋಗಿ ಕಲ್ಲಿನ ಚೌಕಟ್ಟು ಹಿಡಿದು ನಿಂತೆವು. ನಮ್ಮ ಜೊತೆ ಅದೇ ಕಿಟಕಿಯಿಂದ ಹೊರತಂದ ಹುಗ್ಗಿಯ ಡಬರಿ ಕೈಜಾರಿ, ಮುಚ್ಚಳದ ಸಮೇತ ತೇಲಿ ಹೊರಟಿತು.

"ಹೋಗವಾ" ಎಂದರು ಕಾಕು. "ನೀನಾದ್ರೂ ಹ್ಯೂಸ್ಟನ್ ಮುಟ್ಟು."

ನೀರು ಪಾದಕ್ಕೆ ಬಂತು. ಆಮೇಲೆ ಮೀನಖಂಡಕ್ಕೆ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಆಗ ಕಾಕಾ ಒಂದು ಕೈಯಿಂದ ಚೌಕಟ್ಟು ಹಿಡಿದು, ಇನ್ನೊಂದು ಕೈ ಎತ್ತಿ, ಗಂಟಲು ಸರಿಮಾಡಿಕೊಂಡರು.

"ಕನ್ನಡದ ಬಂಧುಗಳಿಗೆ ನಮಸ್ಕಾರ."

"ಕಾಕಾ, ಈಗ?" ಎಂದೆ.

ಅವರು ಗಡಿಯಾರ ತೋರಿಸಿದರು. "ಹನ್ನೆರಡಾತು. ನನ್ನ ಟೈಮು."

"ಇಬ್ಬರೇ ಇದ್ದೀವ್ರಿ" ಎಂದರು ಕಾಕು.

"ಫ್ರಿಸ್ಕೋಕ್ಕಿಂತ ಒಬ್ಬರು ಹೆಚ್ಚಿದ್ದೀರಿ."

ಮತ್ತೆ ಶುರುವಾಯಿತು. ಗೆದ್ದ ಇಬ್ಬರು ಮುಗಿದರು. ಆಮೇಲೆ ಮೊದಲನೆಯವ, ಹತ್ತಿ ಹೊಲದ ಹುಡುಗ, ಒಂದೂ ಪೇಪರು ಅವನ ಫೋಟೋ ಹಾಕಲಿಲ್ಲ. ಎರಡನೆಯವ, ಜ್ವರದಲ್ಲಿ ಆಡಿದವ. ಮೂರು. ನಾಲ್ಕು. ನೀರಿನ ಸದ್ದಿಗೆ ಕಾಕಾ ಕೂಗಿ ಹೇಳುತ್ತಿದ್ದರು. ಎರಡು ತಿಂಗಳು ಗಡಿಯಾರ ಮಾತ್ರ ನೋಡಿದ್ದ ನಾನು ಆವತ್ತು ಮೊದಲ ಸಲ ಮನಸ್ಸಿಟ್ಟು ಅವರ ಮಾತು ಕೇಳಿದೆ. ನೀರು ನೋಡದೆ ಇರಲು ಇನ್ನೆಲ್ಲಿ ನೋಡಲಿ?

ಐದನೆಯವನ ನಡುವೆ ಟ್ರಕ್ಕು ಒಂದಡಿ ಜಾರಿತು. ಕೆಳಗೆ ಏನೋ ಕರ್ ಎಂದಿತು. ಕಾಕಾನ ಮಾತು ನಿಂತಿತು. ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖವೇ ನನಗೆ ಈಗಲೂ ಕಾಣುವುದು, ನೀರಲ್ಲ.

ಊಟದ ಮೇಜಿನಲ್ಲಿ ಈ ಮಾತು ಎತ್ತಿದರೆ "ಸಾಕ್ರಿ" ಎನ್ನುವ ಕಾಕು, ಮೂವತ್ತು ವರ್ಷದಲ್ಲಿ ಒಬ್ಬ ಆಟಗಾರನನ್ನೂ ಪೂರ್ತಿ ಹೇಳಲು ಬಿಡದ ಕಾಕು, ಸೀರೆಯ ಸೆರಗನ್ನು ಬಿಗಿದುಕೊಂಡು ಕೇಳಿದರು: "ಯಾಕ ನಿಂತ್ರಿ? ಐದನೇದಾವ ಇನ್ನೂ ಮುಗದಿಲ್ಲ. ಅವನ ತಮ್ಮನ ಕಥಿ ಉಳದೈತಿ."

ಕಾಕಾ ಅವರನ್ನು ನೋಡಿದರು. ತಮ್ಮನ ಕಥೆ ಹೇಳಿದರು. ಆರು, ಏಳು, ಎಂಟು.

ಆಗ ದೋಣಿ ಬಂತು. ಹಗ್ಗ ಕಟ್ಟಿಕೊಂಡ ಇಬ್ಬರು, ಕೆಂಪು ಜಾಕೆಟ್ಟು. ಒಬ್ಬ ಟ್ರಕ್ಕನ್ನು ನೋಡಿ, ಹಿಂದೆ ಏನು ಹೇರಿದ್ದೀರಿ ಎಂದು ಕೇಳಿದ. ಕಲ್ಲು ಎಂದೆ. ಈ ಭಾರ ಇಲ್ಲದಿದ್ದರೆ ನೀವು ಆಗಲೇ ತೇಲಿ ಹೋಗಿರುತ್ತಿದ್ದಿರಿ, ಕಲ್ಲಿಲ್ಲದವರಂತೂ ಇಲ್ಲಿಗೆ ಇಳಿಯಲೇಬಾರದು, ಕಲ್ಲಿದ್ದವರೂ ಇಳಿಯಬಾರದು ಎಂದು ಬೈದ. ಒಂದು ಸಲಕ್ಕೆ ಇಬ್ಬರೇ ಎಂದ.

ಕಾಕು ಚೌಕಟ್ಟು ಬಿಡಲಿಲ್ಲ. "ನಾ ಇರ್ತೀನಿ. ನೀವು ಹೋಗ್ರಿ."

"ಕಲ್ಲು ನಂದು, ಟ್ರಕ್ಕು ನಂದು. ನೀ ಇದ್ದು ಏನ್ಮಾಡ್ತಿ? ನಡಿ" ಎಂದು ಕಾಕಾ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದೋಣಿಯವನ ಕೈಗೆ ಕೊಟ್ಟರು.

ಎರಡನೆಯ ಸಲ ದೋಣಿ ಹೋಗಿ ಅವರನ್ನೂ ಕರೆತಂದಿತೆಂದು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಕಾಕಾ ಈಗ ಜಾರ್ಜ್‌ಟೌನಿನಲ್ಲಿ ಸುಖವಾಗಿ ಗಿರಾಕಿಗಳ ತಲೆ ತಿನ್ನುತ್ತಿದ್ದಾರೆ. ಆದರೆ ಆಗ ನನಗಾಗಲಿ ಕಾಕುಗಾಗಲಿ ಅದು ಗೊತ್ತಿರಲಿಲ್ಲ.

ದೋಣಿ ಹೊರಟಿತು. ಕಾಕು ದಡದ ಕಡೆ ಬೆನ್ನು ಮಾಡಿ, ಟ್ರಕ್ಕಿನ ಕಡೆ ಮುಖ ಮಾಡಿ ಕೂತರು. ಕಾಕಾ ಮೊಣಕಾಲುದ್ದದ ನೀರಿನಲ್ಲಿ, ಮೈಕಿಲ್ಲದೆ, ಸಭೆಯಿಲ್ಲದೆ, ಒಬ್ಬರೇ ನಿಂತಿದ್ದರು. ಒಂಬತ್ತನೆಯವ ಬಾಕಿ ಉಳಿದಿದ್ದ. ಕಾಕು ಇದ್ದಕ್ಕಿದ್ದಂತೆ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು.

"ಒಂಬತ್ತನೇದಾವ, ಕಡೀ ಹುಡುಗ, ಬಲಗಾಲು ಮುರಕೊಂಡ."

ಆ ಕಡೆಯಿಂದ ದನಿ ಬಂತು. "ಎಡಗಾಲು. ಎಡಗಾಲ ಮೊಣಕಾಲು."

"ಅವತ್ತ ಸುಡುಬಿಸಿಲಿತ್ತು."

"ಮಳಿ ಇತ್ತು. ಮಳಿಯಾಗ ಜಾರಿ ಬಿದ್ದ."

ನಾನು ಕಾಕುನ ಮೊಣಕೈ ಹಿಡಿದು, "ತಪ್ಪ ಹೇಳಾಕತ್ತೀರಿ ಕಾಕು" ಎಂದೆ. ಎರಡು ತಿಂಗಳ ತಾಲೀಮಿನಲ್ಲಿ ಕಿವಿಗೆ ಬಿದ್ದು ಬಿದ್ದು ಒಂಬತ್ತನೆಯವ ನನಗೂ ಬಾಯಿಪಾಠವಾಗಿದ್ದ.

ಅವರು ಟ್ರಕ್ಕಿನಿಂದ ಕಣ್ಣು ಕೀಳಲಿಲ್ಲ. "ನಂಗ ಗೊತ್ತಿಲ್ಲೇನು? ತಪ್ಪ ಹೇಳಿದರ ತಿದ್ದದ ಇರಾಂಗಿಲ್ಲ ಅವರು. ಮಾತಾಡಾಕತ್ತಾರಂದ್ರ ಜೀವಂತ ಅದಾರ."

ದೋಣಿ ತಿರುವು ತೆಗೆದುಕೊಂಡಿತು. ಗಿಡಗಳು ಅಡ್ಡ ಬಂದು ಟ್ರಕ್ಕು ಮರೆಯಾಯಿತು. ಕಾಕು ಎದ್ದು ನಿಲ್ಲಲು ಹೋದರು, ದೋಣಿಯವನು ಭುಜ ಒತ್ತಿ ಕೂರಿಸಿದ. ಕೂತಲ್ಲಿಂದಲೇ ಅವರು ಇನ್ನೂ ಜೋರಾಗಿ ಕೂಗಿದರು.

"ಅವನವ್ವ ಅವತ್ತ ಮ್ಯಾಚ್ ನೋಡಾಕ ಬಂದಿರಲಿಲ್ಲಾ."

ಗಿಡಗಳ ಆಚೆಯಿಂದ, ನೀರಿನ ಸದ್ದಿನ ಮೇಲೆ, ಸಿಟ್ಟಿನಿಂದ ಒಡೆದ ದನಿ: "ಬಂದಿದ್ಲು. ಮೂರನೇ ಸಾಲಿನ್ಯಾಗ ಕುಂತಿದ್ಲು. ಛತ್ರಿ ಇರಲಿಲ್ಲ."

ಕಾಕು ಕಣ್ಣು ಮುಚ್ಚಿ ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ ಕಣ್ಣು ತೆರೆದು, ಹೇಳಲು ಇನ್ನೊಂದು ತಪ್ಪು ಹುಡುಕತೊಡಗಿದರು.